ಅನುಭವ ಹಳತಾಗುವ ಕಸುಬು ಮತ್ತು ನಮ್ಮ ಕಾದಂಬರಿಗಳು

ಕಳೆದ ಮಳೆಗಾಲದಲ್ಲಿ ಹದಿನೈದು ದಿನ ಆಗುಂಬೆಯ ದೊಡ್ಡಪ್ಪನ ಮನೆಯಲ್ಲಿದ್ದೆ. ಪಿಎಚ್.ಡಿ. ಪ್ರಬಂಧದ ಒಂದು ಅಧ್ಯಾಯವನ್ನು ಅಲ್ಲಿ ಕೂತು ಮುಗಿಸುತ್ತೇನೆಂದು ಹೇಳಿ ಹೋಗಿದ್ದೆ. ದೊಡ್ಡಪ್ಪನ ಮಗ, ನಾನು ಅಣ್ಣಯ್ಯ ಎಂದು ಕರೆಯುವವನು, 2020ರಲ್ಲಿ ಕೊರೊನಾ ಕಾಲಕ್ಕೆ ಬೆಂಗಳೂರಿನಿಂದ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಮಹಡಿಯ ಕೋಣೆಯಲ್ಲಿ ಕೂತು ಫ್ರಂಟ್‌ಎಂಡ್ ಡೆವಲಪರ್ ಕೆಲಸ ಮಾಡುತ್ತಾನೆ. ನಾವು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ಒಂದು ಜಾಲತಾಣ ತೆರೆದಾಗ ಕಣ್ಣಿಗೆ ಕಾಣುವ, ಬೆರಳಿಗೆ ಸಿಗುವ ಭಾಗವನ್ನು ಕಟ್ಟುವ ಕಸುಬು ಅದು. ಒಂದು ಸಂಜೆ ಕರೆಂಟು ಹೋಗಿ, ಯುಪಿಎಸ್ಸೂ ಕೀಚಲು ದನಿ ತೆಗೆದು ಸುಮ್ಮನಾದ ಮೇಲೆ, ಅವನು ಕೆಳಗಿಳಿದು ಬಂದು ಬಚ್ಚಲೊಲೆಯ ಮುಂದೆ ಕೂತ. ನನ್ನ ಕೈಯಲ್ಲಿದ್ದ ಪುಸ್ತಕ ನೋಡಿ ಕೇಳಿದ:

"ಅಲ್ಲ ಮಾರಾಯ್ತಿ, ನಿಮ್ಮ ಕನ್ನಡ ಕಾದಂಬರಿಗಳಲ್ಲಿ ನಮ್ಮ ಕೆಲಸ ಎಲ್ಲಾದ್ರೂ ಬಂದಿದ್ಯಾ? ಅಮೆರಿಕಕ್ಕೆ ಹೋಗಿದ್ದು, ಅಪ್ಪ ಅಮ್ಮನ್ನ ಬಿಟ್ಟಿದ್ದು, ಫ್ಲ್ಯಾಟ್ ತಗೊಂಡಿದ್ದು ಅದೆಲ್ಲ ಗೊತ್ತು. ನಾನು ಕೇಳಿದ್ದು ಕೆಲಸ."

ತಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಕನ್ನಡ ಸಾಹಿತ್ಯವನ್ನೇ ಓದಿಕೊಂಡು ಹತ್ತು ವರ್ಷ ಕಳೆದವಳಿಗೆ ಇದು ಸ್ವಲ್ಪ ನಾಚಿಕೆಯ ವಿಷಯ. ಈ ಬರಹ ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಅವನ ಕೆಲಸದ ಸ್ವರೂಪವನ್ನು ತಿಳಿದುಕೊಳ್ಳಬೇಕು. ಅಣ್ಣಯ್ಯ ಎಂಜಿನಿಯರಿಂಗ್ ಮುಗಿಸಿ 2014ರಲ್ಲಿ ಕೆಲಸಕ್ಕೆ ಸೇರಿದಾಗ ಜೇಕ್ವೆರಿ ಕಲಿತಿದ್ದರೆ ಸಾಕಿತ್ತು. ಅದು 2006ರಲ್ಲಿ ಬಂದ ಸಾಧನ. ಮರುವರ್ಷ ಕಂಪನಿ ಆಂಗ್ಯುಲರ್‌ಜೆಎಸ್ ಕಲಿಯಲು ಹೇಳಿತು. ರಾತ್ರಿ ನಿದ್ದೆಗೆಟ್ಟು ಕಲಿತ. ಅದು ಕೈಗೆ ಹತ್ತುವಷ್ಟರಲ್ಲಿ, 2016ರಲ್ಲಿ, ಆಂಗ್ಯುಲರಿನ ಎರಡನೆಯ ಆವೃತ್ತಿ ಬಂತು. ಹೆಸರೊಂದು ಬಿಟ್ಟರೆ ಹೆಚ್ಚುಕಡಿಮೆ ಬೇರೆಯದೇ ಸಾಧನ. ಹಳೆಯದರಲ್ಲಿ ಬರೆದದ್ದು ಹೊಸದರಲ್ಲಿ ನಡೆಯುತ್ತಿರಲಿಲ್ಲ. ಆ ಹೊತ್ತಿಗೆ ಸಂದರ್ಶನಗಳಲ್ಲಿ ಕೇಳುತ್ತಿದ್ದದ್ದು ರಿಯಾಕ್ಟ್, ಫೇಸ್‌ಬುಕ್ 2013ರಲ್ಲಿ ಹೊರಗೆ ಬಿಟ್ಟದ್ದು. ಅದನ್ನು ಕಲಿತ. 2019ರಲ್ಲಿ ರಿಯಾಕ್ಟಿನೊಳಗೇ ಹುಕ್ಸ್ ಎಂಬ ಪದ್ಧತಿ ಬಂದು, ಕಲಿತ ಬರವಣಿಗೆಯ ರೀತಿ ಹಳೆಯದಾಯಿತು. 2021ರ ಕೊನೆಗೆ ಆಂಗ್ಯುಲರ್‌ಜೆಎಸ್‌ಗೆ ಅದನ್ನು ಮಾಡಿದವರ ಬೆಂಬಲವೂ ನಿಂತಿತು. ಅವನು ಮೊದಲ ಸಲ ನಿದ್ದೆಗೆಟ್ಟು ಕಲಿತ ವಿದ್ಯೆಗೆ ಅಧಿಕೃತವಾಗಿ ಸೂತಕ ಹಿಡಿದಂತಾಯಿತು. ಈಗ ಕೃತಕ ಬುದ್ಧಿಮತ್ತೆ ಅರ್ಧ ಕೋಡನ್ನು ತಾನೇ ಬರೆದುಕೊಡುತ್ತದೆ. ಅದನ್ನು ಬಳಸುವುದನ್ನೂ ಕಲಿಯಬೇಕು, ಅದು ಬರೆದದ್ದರ ತಪ್ಪನ್ನೂ ಹಿಡಿಯಬೇಕು.

ಅದೇ ಮನೆಯ ಕೆಳಗಿನ ಅಂಗಳದಲ್ಲಿ ದೊಡ್ಡಪ್ಪ ಮೈಲುತುತ್ತ ಕರಗಿಸುತ್ತಿದ್ದರು. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಅಧ್ಯಯನ ಮಾಡಿ ತೋರಿಸಿಕೊಟ್ಟ ದಾರಿ ಅದು. ನೂರು ವರ್ಷ ದಾಟಿದರೂ ನಡೆಯುತ್ತಿದೆ. ಹದ ಬಂತೋ ಇಲ್ಲವೋ ಎಂಬುದನ್ನು ದೊಡ್ಡಪ್ಪ ಬಣ್ಣ ನೋಡಿಯೇ ಹೇಳಬಲ್ಲರು. ಅವರಿಗೆ ಎಪ್ಪತ್ತು, ಊರಿನವರು ಈಗಲೂ ಕೇಳಲು ಬರುತ್ತಾರೆ. ಅಣ್ಣಯ್ಯನಿಗೆ ಮೂವತ್ತನಾಲ್ಕು. ಹೋದ ಸಂದರ್ಶನದಲ್ಲಿ ಅವನ ಮುಂದೆ ಕೂತವನಿಗೆ ಇಪ್ಪತ್ತಾರು. ಹತ್ತು ವರ್ಷದ ಅನುಭವದ ಬಗ್ಗೆ ಒಂದು ಮಾತೂ ಕೇಳದೆ, ಎರಡು ವರ್ಷದ ಹಿಂದೆ ಬಂದ ಸಾಧನದ ಬಗ್ಗೆ ಮುಕ್ಕಾಲು ಗಂಟೆ ಕೇಳಿದನಂತೆ. ಒಂದೇ ಸೂರಿನ ಕೆಳಗೆ ಒಬ್ಬರ ಅನುಭವಕ್ಕೆ ವರ್ಷ ಹೋದಂತೆ ಬೆಲೆ ಏರುತ್ತಿದೆ, ಇನ್ನೊಬ್ಬರದಕ್ಕೆ ಇಳಿಯುತ್ತಿದೆ. ತಂದೆ ಮಗನ ನಡುವೆ ಹೊಸದೊಂದು ಅಂತರವನ್ನು ತಂದಿಟ್ಟಿರುವ ಈ ಸಂಗತಿ ಕಾದಂಬರಿಗೆ ಹೇಳಿ ಮಾಡಿಸಿದಂತಿದೆ. ಹಾಗಿದ್ದೂ ಅದು ಕಾದಂಬರಿಯಲ್ಲಿ ಯಾಕೆ ಬರಲಿಲ್ಲ?

ತಂತ್ರಜ್ಞಾನ ನಮ್ಮ ಕಾದಂಬರಿಗಳಿಗೆ ಹೊಸದೇನಲ್ಲ. ಆಗುಂಬೆಯಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸು ಮೇಗರವಳ್ಳಿಯ ಮೇಲೆ ಹೋಗುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಆ ಊರಿನ ಹೆಸರು ಕೇಳಿದರೆ ಸಾಕು, ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು ಕಣ್ಣಿಗೆ ಬರುತ್ತದೆ. ಆ ಕಾದಂಬರಿಯಲ್ಲಿ ಈ ಸೀಮೆಗೆ ಬೈಸಿಕಲ್ಲು ಬರುತ್ತದೆ. ಜನರ ಬಾಯಲ್ಲಿ ಅದು ಬೀಸೆಕಲ್ಲು. ಹೊಸ ವಸ್ತುವನ್ನು ಮನೆಯೊಳಗಿನ ಬೀಸುವ ಕಲ್ಲಿನ ಹೆಸರಿಗೆ ಎಳೆದುಕೊಂಡು ಪಳಗಿಸುವ ಆ ಒಂದು ಪದದಲ್ಲಿ ಕುವೆಂಪು ಅವರ ಕಿವಿ ಎಷ್ಟು ಸೂಕ್ಷ್ಮ ಎಂಬುದು ಗೊತ್ತಾಗುತ್ತದೆ. ಸೈಕಲ್ಲು ಒಂದೇ ಬರುವುದಿಲ್ಲ. ಪಾದ್ರಿ, ಮಿಶನ್ ಶಾಲೆ, ಮತಾಂತರದ ಆಸೆ ಮತ್ತು ಭಯ ಎಲ್ಲವೂ ಅದೇ ದಾರಿಯಲ್ಲಿ ಬರುತ್ತವೆ. ಯಂತ್ರವನ್ನು ಅದರ ಸುತ್ತಲಿನ ಸಮಾಜದಿಂದ ಬಿಡಿಸಿ ನೋಡಲಾಗದು ಎಂಬುದನ್ನು ಇಷ್ಟು ಸಹಜವಾಗಿ ತೋರಿಸಿದ ಬರಹ ಕನ್ನಡದಲ್ಲಿ ಕಡಿಮೆ.

ಆದರೆ ಇದು ಬರವಿನ ಕತೆ. ಯಂತ್ರ ಮೊದಲ ಸಲ ಬಂದ ದಿನದ ಬೆರಗು, ನಗು, ಗಾಬರಿಗಳ ಕತೆ. ಬೆರಗು ಕಳೆದ ಮೇಲೆ ಚೈನು ಕಳಚುತ್ತದೆ, ಟ್ಯೂಬು ತೂತಾಗುತ್ತದೆ, ಯಾರೋ ಕೂತು ಅದನ್ನು ಸರಿಮಾಡಬೇಕಾಗುತ್ತದೆ. ಆ ಸರಿಮಾಡುವವನು ಕತೆಯ ನಡುವಿಗೆ ಬರುವುದಿಲ್ಲ. ಕುವೆಂಪು ಅವರಲ್ಲಿ ಇದನ್ನು ಕೊರತೆ ಎನ್ನುವುದು ತಪ್ಪಾದೀತು, ಅವರು ಬರೆಯಹೊರಟ ಲೋಕವೇ ಬೇರೆ. ಆದರೆ ಅವರ ನಂತರವೂ ನಾವು ತಂತ್ರಜ್ಞಾನವನ್ನು ಬರೆಯುವಾಗ ಹೆಚ್ಚಾಗಿ ಎರಡೇ ಗಳಿಗೆಗಳನ್ನು ಆರಿಸಿಕೊಂಡೆವು. ಒಂದು, ಹೊಸತು ಬಂದ ಗಳಿಗೆ. ಇನ್ನೊಂದು, ಹಳತು ಹೋದ ಗಳಿಗೆ. ಒಂದರ ರಸ ಅದ್ಭುತ, ಇನ್ನೊಂದರದು ಕರುಣ. ಫ್ರಂಟ್‌ಎಂಡ್ ಕೆಲಸದವನಿಗೆ ಈ ಎರಡು ಗಳಿಗೆಗಳೂ ಇಲ್ಲ. ಅವನಿಗೆ ಪ್ರತಿ ತಿಂಗಳೂ ಏನೋ ಬರುತ್ತಿರುತ್ತದೆ, ಏನೋ ಹೋಗುತ್ತಿರುತ್ತದೆ. ಬೆರಗುಪಡಲೂ ಅಳಲೂ ಪುರಸೊತ್ತಿಲ್ಲದ ಆ ನಡುವಿನ ಕಾಲಕ್ಕೆ ನಮ್ಮಲ್ಲಿ ಇನ್ನೂ ರಸ ಸಿಕ್ಕಿಲ್ಲ.

ಕಚೇರಿಯ ಕಾದಂಬರಿಗಳ ಕಡೆ ನೋಡೋಣ. ಯಶವಂತ ಚಿತ್ತಾಲರು ಸ್ವತಃ ಪಾಲಿಮರ್ ತಂತ್ರಜ್ಞರಾಗಿದ್ದವರು. ‘ಶಿಕಾರಿ’ (1979) ಮುಂಬಯಿಯ ಕಂಪನಿಯೊಂದರ ಒಳಗೆ ನಡೆಯುವ ಬೇಟೆ. ಕೆಲಸದಿಂದ ಅಮಾನತಾದ ನಾಗಪ್ಪನ ಭಯವನ್ನು ಓದಿದಾಗ, ಇಂದು ‘ಲೇ ಆಫ್’ ಎಂಬ ಪದ ಕೇಳಿ ಮುಖ ಬಿಳಿಚಿಕೊಳ್ಳುವ ನನ್ನ ಓರಗೆಯವರು ನೆನಪಾಗುತ್ತಾರೆ. ಆದರೆ ಅಲ್ಲಿಯ ಭಯದ ಮೂಲ ಮನುಷ್ಯರು: ಮೇಲಧಿಕಾರಿ, ಸಹೋದ್ಯೋಗಿ, ಹಳೆಯ ದ್ವೇಷ. ಅಣ್ಣಯ್ಯನ ಭಯಕ್ಕೆ ಶತ್ರುವಿನ ಮುಖವಿಲ್ಲ. ಅವನ ಮೇಲೆ ಯಾರೂ ಪಿತೂರಿ ಮಾಡಿಲ್ಲ, ಅವನಿಗೆ ಗೊತ್ತಿರುವುದು ತನ್ನಷ್ಟಕ್ಕೆ ತಾನೇ ಹಳೆಯದಾಗುತ್ತಿದೆ ಅಷ್ಟೆ. ಮುಂದೆ ವಸುಧೇಂದ್ರ, ಎಂ.ಆರ್. ದತ್ತಾತ್ರಿ ಅವರಂಥ, ಸಾಫ್ಟ್‌ವೇರ್ ಉದ್ಯಮವನ್ನು ಒಳಗಿನಿಂದ ಬಲ್ಲ ಲೇಖಕರು ಬಂದರು. ಆ ಲೋಕದ ಒಂಟಿತನ, ವಲಸೆ, ಹಣ ತಂದ ಬದಲಾವಣೆ ಕನ್ನಡಕ್ಕೆ ದಕ್ಕಿದ್ದು ಅಂಥವರಿಂದ. ಆದರೂ ನಾನು ಓದಿದ ಮಟ್ಟಿಗೆ ನಮ್ಮ ಸಾಫ್ಟ್‌ವೇರ್ ಕತೆಗಳಲ್ಲಿ ಕಂಪ್ಯೂಟರು ಹೆಚ್ಚಾಗಿ ಮೇಜಿನ ಮೇಲಿರುತ್ತದೆ, ಪಾತ್ರ ಅದರ ಮುಂದೆ ಕೂತು ಬೇರೇನನ್ನೋ ಯೋಚಿಸುತ್ತಿರುತ್ತದೆ.

ಕೋಡು ಬರೆಯುವುದು ಕಣ್ಣಿಗೆ ಕಾಣುವ ಕೆಲಸವಲ್ಲ, ಅದನ್ನು ಕತೆಯಾಗಿಸುವುದು ಹೇಗೆ ಎಂದು ಕೇಳಬಹುದು. ನಮ್ಮಲ್ಲೇ ಅದಕ್ಕೆ ಮಾದರಿಗಳಿವೆ. ಶಿವರಾಮ ಕಾರಂತರ ‘ಬೆಟ್ಟದ ಜೀವ’ದ (1943) ಗೋಪಾಲಯ್ಯನವರು ಕಾಡಿನ ನಡುವೆ ತೋಟ ಎಬ್ಬಿಸಿದವರು. ಕಾಡು ಪ್ರತಿ ವರ್ಷ ತೋಟವನ್ನು ವಾಪಸ್ಸು ಕೇಳುತ್ತದೆ. ಕಾರಂತರು ಬರೆದದ್ದು ಆ ಮುಗಿಯದ ದುಡಿಮೆಯನ್ನು, ಮತ್ತು ಆ ದುಡಿಮೆ ಒಬ್ಬ ಮನುಷ್ಯನ ಮಾತಿಗೆ, ನಗೆಗೆ, ಹಟಕ್ಕೆ ಕೊಟ್ಟ ಆಕಾರವನ್ನು. ಅಡಿಕೆ ಕೃಷಿ ಗೊತ್ತಿಲ್ಲದ ಓದುಗನಿಗೂ ಗೋಪಾಲಯ್ಯ ಗೊತ್ತಾಗುತ್ತಾರೆ. ಪೂರ್ಣಚಂದ್ರ ತೇಜಸ್ವಿ ಅವರ ‘ಕರ್ವಾಲೊ’ (1980) ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬಲ್ಲವರು ಯಾರು ಎಂಬ ಪ್ರಶ್ನೆಯನ್ನೇ ಎತ್ತುತ್ತದೆ. ಊರಿನವರಿಗೆ ಕೆಲಸಕ್ಕೆ ಬಾರದವನಂತೆ ಕಾಣುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಅಪರೂಪದ ನೋಟವೊಂದನ್ನು ಗುರುತಿಸುತ್ತಾರೆ. ಪರೀಕ್ಷೆಯಲ್ಲೂ ಸಂಬಳದಲ್ಲೂ ಕಾಣದ ತಿಳಿವಳಿಕೆಯನ್ನು ಗುರುತಿಸಲು ಇನ್ನೊಬ್ಬ ಬಲ್ಲವನೇ ಬೇಕು. ಅಣ್ಣಯ್ಯನ ಸಂದರ್ಶನದ ಕತೆ ಕೇಳುವಾಗ ನನಗೆ ನೆನಪಾದದ್ದು ಇದೇ. ಅಲ್ಲಿ ಪ್ರಶ್ನೆ ಕೇಳಿದವನಿಗೆ ಕರ್ವಾಲೊ ಕಣ್ಣು ಇರಲಿಲ್ಲ.

ಹಾಗಾದರೆ ಎಲ್ಲವೂ ಹಳತಾಗುವ ಕಸುಬಿನಲ್ಲಿ ಉಳಿಯುವ ತಿಳಿವಳಿಕೆ ಯಾವುದು? ಇದಕ್ಕೆ ಉತ್ತರ ನನ್ನದೇ ಸಂಶೋಧನೆಯ ಕಡತಗಳಲ್ಲಿ ಸಿಕ್ಕಿತು.

ನಾನು ಅಧ್ಯಯನ ಮಾಡುತ್ತಿರುವುದು ಅಂತರ್ಜಾಲದ ಆರಂಭ ಕಾಲದ ಕನ್ನಡ ಬರಹಗಳನ್ನು. ಯು.ಬಿ. ಪವನಜ ಅವರು ‘ವಿಶ್ವಕನ್ನಡ’ವನ್ನು 1996ರಲ್ಲಿ ಆರಂಭಿಸಿದ ಮೇಲಿನ ಹತ್ತು ವರ್ಷಗಳಲ್ಲಿ, ಹೊರದೇಶದಲ್ಲೂ ಊರಲ್ಲೂ ಇದ್ದ ಅನೇಕರು ಕತೆ, ಕವಿತೆ, ಹರಟೆಗಳನ್ನು ಜಾಲತಾಣಗಳಲ್ಲಿ ಬರೆದರು. ಆ ಕಾಲದ ಕಡತವೊಂದನ್ನು ಇಂದು ತೆರೆದರೆ ಕೆಲವೊಮ್ಮೆ ಬರುವುದು ಕನ್ನಡವಲ್ಲ. ‘ಕನ್ನಡ’ ಎಂಬ ಮೂರಕ್ಷರದ ಜಾಗದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡಿನ ಚಿಹ್ನೆ, ಜರ್ಮನ್ನರ ಎಸ್ ಸಾಲಾಗಿ ನಿಂತಿರುತ್ತವೆ. ಆಗಿನ ಫಾಂಟುಗಳು ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಡು ತುಂಡು ಮಾಡಿ ರೋಮನ್ ಅಕ್ಷರಗಳಿಗೆಂದು ಮೀಸಲಾದ ಮನೆಗಳಲ್ಲಿ ಬಾಡಿಗೆಗೆ ಕೂರಿಸಿದ್ದವು. ಕಡತದೊಳಗೆ ಇದ್ದದ್ದು ರೋಮನ್ ಸಂಕೇತ, ಮೇಲೆ ಕನ್ನಡದ ವೇಷ. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ಒಂದೊಂದು ತಂತ್ರಾಂಶದ್ದು ಒಂದೊಂದು ಲೆಕ್ಕ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಪತ್ರಿಕೆಗಳು ಬಳಸುತ್ತಿದ್ದ ಬೇರೆ ಬೇರೆ ಫಾಂಟುಗಳು, ಇವೆಲ್ಲ ಸೇರಿ ಲಕ್ಷಾಂತರ ಜನರ ಕೈಗೆ ಕನ್ನಡದ ಅಕ್ಷರ ಕೊಟ್ಟವು. ಅದನ್ನು ಮರೆಯಬಾರದು. ಆದರೆ ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ, ಹುಡುಕಿದರೆ ಸಿಗುತ್ತಿರಲಿಲ್ಲ, ಅಕಾರಾದಿಯಾಗಿ ಜೋಡಿಸಲೂ ಆಗುತ್ತಿರಲಿಲ್ಲ. ಓದುಗರ ಕಂಪ್ಯೂಟರಿಗೆ ಫಾಂಟನ್ನು ತಾನೇ ಕಳಿಸುವ ಡೈನಾಮಿಕ್ ಫಾಂಟಿನ ಉಪಾಯವನ್ನು ಕೆಲವರು ಮಾಡಿದರು. ಅದೂ ನಿರ್ದಿಷ್ಟ ಬ್ರೌಸರನ್ನು ನೆಚ್ಚಿಕೊಂಡಿತ್ತು. ಆ ಬ್ರೌಸರ್ ಹೋದಾಗ ಅದೂ ಹೋಯಿತು.

ಇದರ ಪಕ್ಕದಲ್ಲಿ ಯೂನಿಕೋಡ್ ಇತ್ತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಅದರ ತತ್ತ್ವ ಸರಳ: ಅಕ್ಷರ ಯಾವುದು ಎಂಬುದನ್ನು ಕಡತ ಹೇಳಲಿ, ಅದು ಹೇಗೆ ಕಾಣಬೇಕು ಎಂಬುದನ್ನು ಫಾಂಟು ನೋಡಿಕೊಳ್ಳಲಿ. 2001ರ ವಿಂಡೋಸ್ ಎಕ್ಸ್‌ಪಿ ಕನ್ನಡ ಯೂನಿಕೋಡನ್ನು ತೋರಿಸಬಲ್ಲದಾಯಿತು. ನಿಧಾನವಾಗಿ ಜಾಲತಾಣಗಳೂ ಬದಲಾದವು. ಹೀಗೆ ಬರೆದ ಕನ್ನಡ ಈ ಇಪ್ಪತ್ತು ವರ್ಷಗಳಲ್ಲಿ ಬ್ರೌಸರು, ಫೋನು, ವಿನ್ಯಾಸ ಎಲ್ಲ ಬದಲಾದರೂ ಓದಿಸಿಕೊಳ್ಳುತ್ತಿದೆ. ಜಗತ್ತಿನ ಮೊದಲ ಜಾಲತಾಣದ ಪುಟಗಳೂ ಹಾಗೆಯೇ. ಯುರೋಪಿನ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್ ಲೀ 1991ರಲ್ಲಿ ಜಗತ್ತಿಗೆ ತೆರೆದ ಆ ತಾಣದ ಉಳಿದಿರುವ ಪ್ರತಿ ಇಂದಿನ ಬ್ರೌಸರಿನಲ್ಲೂ ತೆರೆದುಕೊಳ್ಳುತ್ತದೆ, ಯಾಕೆಂದರೆ ಅದು ಬರಿಯ ಎಚ್‌ಟಿಎಂಎಲ್. ಅದರ ನಂತರ ಬಂದ ಫ್ಲ್ಯಾಶ್ 2020ರ ಕೊನೆಗೆ ನಿಂತಾಗ, ಅದರಲ್ಲಿ ಕಟ್ಟಿದ ಎಷ್ಟೋ ತಾಣಗಳು ಕಣ್ಣು ಮುಚ್ಚಿದವು.

ಹಳಗನ್ನಡ ಓದುವ ವಿದ್ಯಾರ್ಥಿಗಳಿಗೆ ಪ್ರಿಯವಾಗಬಹುದಾದ ಒಂದು ಸಂಗತಿ ಇಲ್ಲಿದೆ. ನಮ್ಮ ಹಳೆಯ ೞ ಅಕ್ಷರಕ್ಕೆ ಯೂನಿಕೋಡಿನಲ್ಲಿ ಅಧಿಕೃತ ಹೆಸರು ‘ಕನ್ನಡ ಲೆಟರ್ ಫ’. ಯಾವುದೋ ಹಂತದಲ್ಲಿ ಆದ ತಪ್ಪು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದು ಎಂಬುದು ಯೂನಿಕೋಡಿನ ನಿಯಮವಾದ್ದರಿಂದ ಆ ತಪ್ಪು ಹಾಗೆಯೇ ಉಳಿದಿದೆ, ಪಕ್ಕದಲ್ಲಿ ಸರಿಯಾದ ಹೆಸರನ್ನು ಅಡ್ಡಹೆಸರಿನಂತೆ ಸೇರಿಸಿದ್ದಾರೆ. ಮೊದಲ ಸಲ ತಿಳಿದಾಗ ಸಿಟ್ಟು ಬಂದಿತ್ತು. ಈಗ ಅನಿಸುವುದು, ಈ ಹಟವಿಲ್ಲದಿದ್ದರೆ ಪಂಪನ ಪದ್ಯವನ್ನು ಇವತ್ತು ಟೈಪು ಮಾಡಿ ಇನ್ನು ಮೂವತ್ತು ವರ್ಷದ ಮೇಲೂ ಓದಿಸಿಕೊಳ್ಳುತ್ತದೆ ಎಂದು ನಂಬಲು ಆಧಾರವೇ ಇರುತ್ತಿರಲಿಲ್ಲ. ಅದರರ್ಥ ಬಾಗಿಲು ಮುಚ್ಚಿದೆ ಎಂದಲ್ಲ. ಹಳೆಯ ಶಾಸನ, ಹಸ್ತಪ್ರತಿಗಳಲ್ಲಿ ಬರುವ ನಕಾರ ಪೊಲ್ಲು 2021ರಲ್ಲಷ್ಟೇ ಯೂನಿಕೋಡಿಗೆ ಸೇರಿತು.

ಈ ಹೋರಾಟ ತಂತ್ರಜ್ಞರದು ಮಾತ್ರ ಎಂದು ತಿಳಿಯದ ಒಬ್ಬ ದೊಡ್ಡ ಲೇಖಕ ನಮ್ಮಲ್ಲಿದ್ದರು. ತೇಜಸ್ವಿ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ವಿಷಯವನ್ನು ಹಿಡಿದು ಮಾತಾಡಿದರು, ಜಗಳವಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ ‘ಕುವೆಂಪು ಕನ್ನಡ ತಂತ್ರಾಂಶ’ದ ಹಿಂದೆ ಅವರ ಒತ್ತಾಸೆಯಿತ್ತು. ಮೂಡಿಗೆರೆಯ ತೋಟದಲ್ಲಿ ಕೂತ, ಮೀನು ಹಿಡಿಯುವ, ಹಕ್ಕಿಯ ಚಿತ್ರ ತೆಗೆಯುವ ಕಾದಂಬರಿಕಾರನಿಗೆ ಇದು ಯಾಕೆ ಬೇಕಿತ್ತು ಎಂದು ಆಗ ಕೆಲವರಿಗೆ ಅನಿಸಿರಬಹುದು. ಅಕ್ಷರ ಕಂಪ್ಯೂಟರಿನೊಳಗೆ ಹೇಗೆ ಕೂತಿದೆ ಎಂಬುದು ಭಾಷೆಯ ಪ್ರಶ್ನೆ, ಆದ್ದರಿಂದ ಲೇಖಕನ ಪ್ರಶ್ನೆ ಎಂಬುದು ಅವರಿಗೆ ಸ್ಪಷ್ಟವಿತ್ತು ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಕನ್ನಡದ ಕೀಲಿಮಣೆ ವಿನ್ಯಾಸ ಮಾಡಿದ ಕೆ.ಪಿ. ರಾವ್ ಅವರು ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದು ಹೆಸರಿಟ್ಟದ್ದನ್ನೂ ಇದರ ಜೊತೆಗೆ ನೆನೆಯಬೇಕು. ಒಂದು ಕಾಲಕ್ಕೆ ನಮ್ಮಲ್ಲಿ ಸಾಹಿತ್ಯದವರೂ ಕಂಪ್ಯೂಟರಿನವರೂ ಒಂದೇ ಜಗಲಿಯಲ್ಲಿ ಕೂತು ಮಾತಾಡಿದ್ದರು.

ಆ ಜಗಲಿ ಈಗ ಖಾಲಿಯಾಗಿದೆ, ಮತ್ತು ತಪ್ಪು ಹೆಚ್ಚಾಗಿ ಸಾಹಿತ್ಯದವರದು ಎಂಬುದು ನನ್ನ ದೂರು. ಈ ವಾರದ ಪ್ರಬಂಧವನ್ನು ನೀವು ಓದುತ್ತಿರುವುದು ಒಂದು ಪರದೆಯ ಮೇಲೆ. ಇದನ್ನು ನಿಮ್ಮ ಫೋನಿನ ಅಗಲಕ್ಕೆ ಹೊಂದಿಸಿದವರು, ಒತ್ತಕ್ಷರದ ಕಾಲು ಕೆಳಗಿನ ಸಾಲಿಗೆ ತಾಗದಂತೆ ನಡುವಿನ ಜಾಗ ಬಿಟ್ಟವರು, ‘ರ‍್ಯಾಂಕ್’ ಎಂದು ಬರೆದದ್ದು ಅರ್ಕಾವೊತ್ತು ಹೊತ್ತು ‘ರ್ಯಾಂಕ್’ ಆಗದಂತೆ ನೋಡಿಕೊಂಡವರು ಯಾರೋ ಇದ್ದಾರೆ. ಓಲೆಗರಿಯ ಕಾಲದಲ್ಲಿ ಪ್ರತಿಕಾರರು ಮಾಡುತ್ತಿದ್ದ ಕೆಲಸವೇ ಇದು. ನಮ್ಮ ಹವೆಯಲ್ಲಿ ಗರಿ ಬಹಳ ಕಾಲ ಬಾಳುವುದಿಲ್ಲ. ಯಾರೋ ಕೂತು ಮತ್ತೆ ಮತ್ತೆ ಪ್ರತಿ ಮಾಡಿದ್ದರಿಂದ ಕಾವ್ಯ ಉಳಿಯಿತು. ಪ್ರತಿಕಾರರ ಬಗ್ಗೆ, ಅವರು ಮಾಡಿದ ತಪ್ಪುಗಳ ಬಗ್ಗೆ ನಾವು ಗ್ರಂಥಸಂಪಾದನೆ ಎಂಬ ಶಾಸ್ತ್ರವನ್ನೇ ಕಟ್ಟಿದ್ದೇವೆ. ಪರದೆಯ ಪ್ರತಿಕಾರರ ಬಗ್ಗೆ ನಮ್ಮಲ್ಲಿ ಒಂದು ಒಳ್ಳೆಯ ಕತೆಯೂ ಇಲ್ಲ.

ಆ ರಾತ್ರಿ ಒಲೆಯ ಮುಂದೆ ಇಷ್ಟೆಲ್ಲ ಹೇಳಲು ನನಗೆ ಆಗಲಿಲ್ಲ. ಹಳೆಯ ಫಾಂಟುಗಳ ಕತೆ ಮಾತ್ರ ಹೇಳಿದೆ. ಅವನು ಕೇಳಿಸಿಕೊಂಡು, ತನ್ನ ಫೋನಿನಲ್ಲಿ ತಾನು ಕಟ್ಟುತ್ತಿದ್ದ ಪುಟವೊಂದನ್ನು ತೆರೆಯಲು ಇಟ್ಟ. ಗಾಳಿ ಮಳೆಗೆ ನೆಟ್‌ವರ್ಕ್ ಒಂದು ಕಡ್ಡಿಗೆ ಇಳಿದಿತ್ತು. ಪುಟ ತೆರೆಯಲು ಬಹಳ ಹೊತ್ತು ಹಿಡಿಯಿತು. ಚಿತ್ರಗಳು ಬರಲಿಲ್ಲ, ಅಕ್ಷರಗಳು ಬಂದವು.

"ಬೆಂಗಳೂರಲ್ಲಿ ಕೂತವ್ರಿಗೆ ಇದು ಗೊತ್ತಾಗಲ್ಲ. ಅಲ್ಲಿ ಎಲ್ಲ ಪುಟವೂ ಚೆನ್ನಾಗೇ ತೆರೀತದೆ. ಹೊಸದು ಏನೇ ಬರ್ಲಿ ಕಲೀಬೋದು ಮಾರಾಯ್ತಿ, ಅದು ದೊಡ್ಡ ವಿಷಯ ಅಲ್ಲ. ಮೊದ್ಲು ಅಕ್ಷರ ಬರ್ಬೇಕು, ಆಮೇಲೆ ಉಳಿದದ್ದು. ಇದು ಗೊತ್ತಾಗೋಕೆ ನಂಗೆ ಎಂಟು ವರ್ಷ ಬೇಕಾಯ್ತು."

ಅದೇ ಸಂದರ್ಶನದಲ್ಲಿ ಯಾರೂ ಕೇಳದ ಅನುಭವ. ಏನು ಬದಲಾಗುತ್ತದೆ, ಏನು ಬದಲಾಗಬಾರದು ಎಂದು ಬೇರ್ಪಡಿಸುವ ಈ ತಿಳಿವಳಿಕೆಯೂ, ದ್ರಾವಣದ ಬಣ್ಣ ನೋಡಿ ಹದ ಹೇಳುವ ದೊಡ್ಡಪ್ಪನ ತಿಳಿವಳಿಕೆಯೂ ಒಂದೇ ಜಾತಿಯದು ಎಂದು ನನಗೆ ಅನಿಸಿತು. ಅವರಿಬ್ಬರಿಗೂ ಅದು ಗೊತ್ತಿಲ್ಲ. ಮಗ ದಿನವಿಡೀ ಏನು ಮಾಡುತ್ತಾನೆಂದು ದೊಡ್ಡಪ್ಪನಿಗೆ ಹೇಳಲು ಬರುವುದಿಲ್ಲ. ನೆಂಟರು ಕೇಳಿದರೆ "ಕಂಪ್ಯೂಟರ್ ಕೆಲಸ" ಎಂದು ಮಾತು ಮುಗಿಸುತ್ತಾರೆ. ಆ ಎರಡು ಪದಗಳ ಒಳಗೆ ಇಡೀ ಒಂದು ತಲೆಮಾರಿನ ದುಡಿಮೆ ಸಿಕ್ಕಿಕೊಂಡಿದೆ. ಅದನ್ನು ಬಿಡಿಸಿ ಅಪ್ಪನಿಗೂ ಮಗನಿಗೂ ಪರಸ್ಪರ ತೋರಿಸುವ ಕಾದಂಬರಿಯನ್ನು ಬೆರಗಿನಿಂದಲೂ ಬರೆಯಲಾಗದು, ಹಳಹಳಿಕೆಯಿಂದಲೂ ಬರೆಯಲಾಗದು. ಕಾರಂತರು ತೋಟವನ್ನು ನೋಡಿದ ಹಾಗೆ ಕೆಲಸವನ್ನೇ ಹತ್ತಿರ ಕೂತು ನೋಡಬೇಕು.

ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಅಣ್ಣಯ್ಯ ಮಹಡಿ ಹತ್ತಿ ಹೋದ. ನಾನು ಅಧ್ಯಾಯದ ಮೊದಲ ಸಾಲನ್ನು ಅಳಿಸಿ, ಬೇರೆ ರೀತಿ ಬರೆಯಲು ಕೂತೆ.